ಮನೆ ಮಾರಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟರು. ಮನೆ ಮಾರಿ ನೋಡು ಎಂದು ಮಾತ್ರ ಅವರಲ್ಲಿ ಯಾರೂ ಹೇಳಲಿಲ್ಲ. ಹೇಳುವಂಥ ಪ್ರಸಂಗ ಅವರಿಗೆ ಒದಗಿರಲಾರದು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ದೀಪ ಹಚ್ಚಿದ ಮೇಲೆ, ಬಾಗಿಲು ಮುಂದೆಮಾಡಿಕೊಂಡು, ಸಾಲ ಕೊಟ್ಟವನೊಡನೆ ತಗ್ಗಿದ ದನಿಯಲ್ಲಿ ಆಡುವ ಮಾತು. ಈಗ ಬೆಂಗಳೂರಿನಲ್ಲಿ ಆ ಸಂಕೋಚವಿಲ್ಲ. ಬೆಳಗಿನ ವಾಯುಸೇವನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಾರು ಎರಡನೆಯ ಸಲ ಬರುವಷ್ಟರಲ್ಲಿ ಪಕ್ಕದವರು ಕೇಳಿಯೇ ಬಿಡುತ್ತಾರೆ: “ನಿಮ್ಮ ಕಡೆ ಚದರಡಿಗೆ ಎಷ್ಟು ನಡೆಯುತ್ತಿದೆ?” ಹಿಂದೆ ಇದೇ ಜಾಗದಲ್ಲಿ, ಇದೇ ಕುತೂಹಲದಿಂದ, ಮಳೆ ಬೆಳೆಗಳನ್ನು ವಿಚಾರಿಸುತ್ತಿದ್ದರು.

ಈ ಪ್ರಶ್ನೆಗೆ ಉತ್ತರ ಹೇಳಲಾರದೆ ಬಹುಕಾಲ ಪೆಚ್ಚುಪೆಚ್ಚಾಗಿ ಕುಳಿತವನು ನಾನು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಲೆಕ್ಕ ಬಲ್ಲೆ, ಬೆಲೆ ತಿಳಿಯದು. 2025ರಲ್ಲಿ ಜಯನಗರದ ನಮ್ಮ ತಂದೆಯ ಮನೆಯನ್ನು ಮಾರಬೇಕಾಗಿ ಬಂದಾಗ ಎರಡಕ್ಕೂ ಇರುವ ಅಂತರ ನನಗೆ ಮೊದಲ ಬಾರಿಗೆ ಅರಿವಾಯಿತು.

ಮಾರುವ ಮಾತನ್ನು ಮೊದಲು ಎತ್ತಿದವಳು ಅಕ್ಕನೇ. ಅವಳಿಗೆ 79 ವರ್ಷ. ಭಾವನವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಮಂಡಿ ನೋವು, ಮಳೆ ಬಂದರೆ ನಡುಮನೆಯಲ್ಲಿ ಎರಡು ಬೋಗುಣಿ ಇಡಬೇಕು. “ನಾನಿಲ್ಲಿ ಇರುವುದು ಮನೆಯನ್ನು ನೋಡಿಕೊಳ್ಳುವುದಕ್ಕೋ, ಮನೆ ನನ್ನನ್ನು ನೋಡಿಕೊಳ್ಳುವುದಕ್ಕೋ ಒಂದೂ ಗೊತ್ತಾಗುವುದಿಲ್ಲ” ಎಂದಳು. ಆ ಮನೆಯಲ್ಲಿ ನಾವು ಮೂವರು ಪಾಲುದಾರರು: ಅಕ್ಕ, ನಾನು, ತಮ್ಮ. ನನಗೆ ಬನಶಂಕರಿಯಲ್ಲಿ ಒಂದು ಪುಟ್ಟ ಮನೆಯೂ ತಿಂಗಳು ತಿಂಗಳು ಬರುವ ಪಿಂಚಣಿಯೂ ಉಂಟು. ತಮ್ಮ ಖಾಸಗಿ ಕಾರ್ಖಾನೆಯಲ್ಲಿ ದುಡಿದವನು. ಪಿಂಚಣಿಯಿಲ್ಲ; ಕೂಡಿಟ್ಟ ಹಣ ಹೆಂಡತಿಯ ಕಾಯಿಲೆಗೆ ಕರಗಿಹೋಗಿತ್ತು. ಅವನಿಗೆ ಈ ಪಾಲೇ ಮುಂದಿನ ಆಸರೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಬೇಡುತ್ತೇನೆ. ಕತೆಯ ಗಂಟು ಇಲ್ಲಿಯೇ ಇದೆ.

ಸರಿಯಾದ ಬೆಲೆ ಯಾವುದೆಂದು ತಿಳಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಇನ್ನೂರು ಪುಟದ ಪುಸ್ತಕ ಕೊಂಡು ನಾಲ್ಕು ಮನೆ ಗೀಟು ಹಾಕಿದೆ: ಬಡಾವಣೆ, ಅಳತೆ, ಮುಖ, ಬೆಲೆ. ಹಳೆಯ ಶಿಷ್ಯರು, ನೆಂಟರು, ಅವರ ಬೀಗರು, ಯಾರು ಈಚೆಗೆ ಮನೆ ಕೊಂಡಿದ್ದರೋ ಮಾರಿದ್ದರೋ ಅವರೆಲ್ಲರ ಮನೆಯ ಕಾಫಿ ಕುಡಿದೆ. ಬಸ್ಸಿನಲ್ಲಿಯೂ ಮೆಟ್ರೋದಲ್ಲಿಯೂ ಊರನ್ನು ಮೂಲೆಯಿಂದ ಮೂಲೆಗೆ ಸುತ್ತಿದೆ. ಎಪ್ಪತ್ತು ವರ್ಷ ಬದುಕಿದ ಊರನ್ನು ನಾನು ಸರಿಯಾಗಿ ನೋಡಿದ್ದು ಆಗಲೇ.

ಮೊದಲು ಹೋದುದು ಮಲ್ಲೇಶ್ವರಕ್ಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಹುಳುಗಳಂತೆ ಸತ್ತರು. ಆ ಭೀತಿಯ ಫಲವಾಗಿ ಬೆಳೆದವು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು. ನೇರ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಜಾಡಮಾಲಿ ಓಣಿ, ಹೀಗೆ ಎಲ್ಲವೂ ಆರೋಗ್ಯದ ದೃಷ್ಟಿಯಿಂದ ಹಾಕಿದ ಲೆಕ್ಕ. ಸಾವಿಗೆ ಹೆದರಿ ಜನ ಓಡಿಬಂದ ಆ ನೆಲದಲ್ಲಿ 60×40ರ ಒಂದು ಹಳೆಯ ಮನೆ 6 ಕೋಟಿ 70 ಲಕ್ಷಕ್ಕೆ ಹೋಯಿತೆಂದು ಅದನ್ನು ಮಾರಿದವರೇ ನನಗೆ ಹೇಳಿದರು. ಚದರಡಿಗೆ 28 ಸಾವಿರಕ್ಕೆ ಸ್ವಲ್ಪ ಕಡಮೆ. ವಿಜಯನಗರದಲ್ಲಿ ನನ್ನ ಶಿಷ್ಯನೊಬ್ಬ 30×40ರ ಮನೆಯನ್ನು 2 ಕೋಟಿ 40 ಲಕ್ಷಕ್ಕೆ ಕೊಂಡಿದ್ದ. ಚದರಡಿಗೆ ಸರಿಯಾಗಿ 20 ಸಾವಿರ. ಬನಶಂಕರಿ ಆರನೆಯ ಹಂತದಲ್ಲಿ ಅದೇ ಅಳತೆಯ ಬರಿಯ ನಿವೇಶನ 1 ಕೋಟಿ 15 ಲಕ್ಷ. ಅಲ್ಲಿ ಚದರಡಿ 9,600ಕ್ಕೆ ಇಳಿಯಿತು. ಮೂರೂ ಒಂದೇ ಊರಿನ ಮಣ್ಣು; ಒಂದೇ ಮಳೆ ಮೂರರ ಮೇಲೂ ಬೀಳುತ್ತದೆ.

ವೈಟ್‌ಫೀಲ್ಡಿನ ಕತೆ ಬೇರೆ. 1882ರಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡು ಬದುಕಲೆಂದು ಮೈಸೂರು ಅರಸರು ಕೊಟ್ಟ ನೆಲದಲ್ಲಿ ಹುಟ್ಟಿದ ಹಳ್ಳಿ ಅದು. ಈಗ ಅಲ್ಲಿ ಗಣಕಯಂತ್ರದ ಬೇಸಾಯ. ನನ್ನ ಸೋದರಳಿಯ 1,200 ಚದರಡಿಯ ಫ್ಲಾಟಿಗೆ 1 ಕೋಟಿ 10 ಲಕ್ಷ ಕೊಟ್ಟಿದ್ದಾನೆ. ಅವನ ಮನೆ ಹತ್ತನೆಯ ಅಂತಸ್ತಿನಲ್ಲಿದೆ. ಅವನು ಕೊಂಡದ್ದು ಹೆಚ್ಚಾಗಿ ಗೋಡೆಯನ್ನೂ ಆಕಾಶವನ್ನೂ. ನೆಲದಲ್ಲಿ ಅವನಿಗಿರುವುದು ನೂರಾರು ಮನೆಯವರೊಡನೆ ಹಂಚಿಕೊಂಡ, ಗುರುತು ಹಾಕಲಾಗದ ಒಂದು ಪಾಲು. ಗೋಡೆ ವರ್ಷವರ್ಷಕ್ಕೆ ಹಳತಾಗುತ್ತದೆ, ನೆಲಕ್ಕೆ ಮುಪ್ಪಿಲ್ಲ. ಹಳೆಯ ಬಡಾವಣೆಗಳ ಬೆಲೆ ಏರುವ ರೀತಿಗೂ ಫ್ಲಾಟುಗಳ ಬೆಲೆ ಏರುವ ರೀತಿಗೂ ಇರುವ ಭೇದದ ಮೂಲ ಇದೇ ಎಂದು ನನಗೆ ತೋರುತ್ತದೆ.

ತಿರುಗಿದಷ್ಟೂ ನನ್ನ ಪುಸ್ತಕದ ನಾಲ್ಕು ಮನೆ ಸಾಲದಾಯಿತು. ಮೆಟ್ರೋ ನಿಲ್ದಾಣಕ್ಕೆ ಎಷ್ಟು ದೂರ ಎಂದು ಐದನೆಯ ಗೀಟು ಹಾಕಿದೆ. 2023ರ ಅಕ್ಟೋಬರಿನಲ್ಲಿ ರೈಲು ವೈಟ್‌ಫೀಲ್ಡಿನವರೆಗೂ ಅಖಂಡವಾಗಿ ಓಡತೊಡಗಿತು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆಯಿತು. ಎರಡು ಕಡೆಯೂ ಮನೆ ಮಾರುವವರ ಬಾಯಲ್ಲಿ ನಿಲ್ದಾಣದ ಹೆಸರು ಮನೆದೇವರ ಹೆಸರಿಗಿಂತ ಮೊದಲು ಬರುತ್ತದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋದ ಮೇಲೆ ಯಲಹಂಕದ ಕಡೆಯ ದ್ರಾಕ್ಷಿ ತೋಟಗಳಿಗೂ ಇದೇ ಗತಿಯಾಯಿತು. ಆರನೆಯ ಗೀಟು ನೀರಿಗೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕೋಟಿ ಕೊಟ್ಟು ಕೊಂಡ ಮನೆಗಳವರು ಟ್ಯಾಂಕರಿನ ದಾರಿ ನೋಡುತ್ತ ನಿಂತುದನ್ನು ಯಾರೂ ಮರೆತಿಲ್ಲ. 1974ರಲ್ಲಿ ಮೊದಲು ಬಂದ ಕಾವೇರಿ ನೀರು ಹಳೆಯ ಬಡಾವಣೆಗಳಿಗೆ ಹುಟ್ಟಿನಿಂದ ಬಂದ ಹಕ್ಕಿನಂತಿದೆ. ಹೊರವಲಯದ 110 ಹಳ್ಳಿಗಳಿಗಾಗಿ ಐದನೆಯ ಹಂತ ಆರಂಭವಾದುದು 2024ರ ಅಕ್ಟೋಬರಿನಲ್ಲಿ. ಏಳನೆಯ ಗೀಟು ಖಾತೆಗೆ: ಎ ಖಾತೆಯೋ ಬಿ ಖಾತೆಯೋ. ಇನ್ನು ಮೂಡಣ ಬಾಗಿಲಿನ ಮನೆಗೆ ಪಡುವಣ ಬಾಗಿಲಿನ ಮನೆಗಿಂತ ಹೆಚ್ಚು ಬೆಲೆ. ಒಂದೇ ರಸ್ತೆಯ ಎದುರುಬದುರು ಮನೆಗಳಲ್ಲಿ ಬೆಳಗಿನ ಬಿಸಿಲಿಗೆ ಲಕ್ಷಗಟ್ಟಲೆ ಬಾಡಿಗೆ ಬೀಳುತ್ತದೆಂಬುದು ಸೂರ್ಯನಾರಾಯಣನಿಗೆ ತಿಳಿದಿರಲಾರದು.

ಇಷ್ಟೆಲ್ಲ ಆದ ಮೇಲೆ ಜಯನಗರಕ್ಕೆ ಬಂದೆ. ಅಲ್ಲಿ ನನಗೆ ಸಾಕ್ಷಿ ಹೇಳಬೇಕಾದವರು ತಂದೆಯವರೇ. ಅಕ್ಕ ತನ್ನ ಟ್ರಂಕಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಟ್ಟಳು.

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಿದವರು ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು. ಅಶೋಕ ಸ್ತಂಭ ಇಂದಿಗೂ ಅದರ ಕುರುಹಾಗಿ ನಿಂತಿದೆ. ಬಡಾವಣೆಗಳನ್ನು ಮಾಡಿ ನಿವೇಶನ ಹಂಚುತ್ತಿದ್ದುದು 1945ರ ಕಾಯಿದೆಯಿಂದ ಹುಟ್ಟಿದ ಟ್ರಸ್ಟ್ ಬೋರ್ಡು. 1976ರಲ್ಲಿ ಅದರ ಜಾಗಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ತಂದೆಯವರು 1956ರಲ್ಲಿ ಆ ಬೋರ್ಡಿನಿಂದ 60×40ರ ನಿವೇಶನ ಪಡೆದಾಗ ಬಸವನಗುಡಿಯ ಸ್ನೇಹಿತರು, “ಏನು ಮೇಷ್ಟ್ರೇ, ವಾನಪ್ರಸ್ಥವೆ?” ಎಂದು ನಕ್ಕರಂತೆ. ಪುಸ್ತಕದ ಮೊದಲ ಪುಟದಲ್ಲಿ ನಿವೇಶನದ ಬೆಲೆ: 1,800 ರೂಪಾಯಿ. ಅನಂತರ ಇಟ್ಟಿಗೆ, ಸುಣ್ಣ, ತೇಗ, ಗಾರೆಯವನ ಕೂಲಿ, ಬಾವಿ ತೋಡಿದವರಿಗೆ ಕೊಟ್ಟ ಊಟ, ಒಂದೂ ಬಿಟ್ಟಿಲ್ಲ. ಲೆಕ್ಕ ಆಣೆ ಕಾಸುಗಳಲ್ಲಿ ಆರಂಭವಾಗಿ 1957ರ ಏಪ್ರಿಲ್ ಒಂದರಂದು ನಯಾಪೈಸೆಗೆ ತಿರುಗುತ್ತದೆ. ಆ ದಿನದ ಪುಟದ ಅಂಚಿನಲ್ಲಿ ಆಣೆಗೆ ಎಷ್ಟು ನಯಾಪೈಸೆ ಎಂಬ ಕೋಷ್ಟಕವನ್ನು ತಮಗಾಗಿಯೇ ಬರೆದುಕೊಂಡಿದ್ದಾರೆ. 1958ರ ಗೃಹಪ್ರವೇಶದ ವೇಳೆಗೆ ಮನೆಗಾದ ಖರ್ಚು ಒಟ್ಟು 14,400.

ಅವರ ಸಂಬಳ ಆಗ ತಿಂಗಳಿಗೆ 120. ಹಾಗಾದರೆ ನಿವೇಶನ 15 ತಿಂಗಳ ಸಂಬಳ. ಮನೆ ಹತ್ತು ವರ್ಷದ್ದು. ಸಾಲ ಮಾಡಿ, ಅಮ್ಮನ ಬಳೆ ಮಾರಿ, ಮನೆಪಾಠ ಹೇಳಿ ತೀರಿಸಿದರು. ಈಗ ಅದೇ ನಿವೇಶನದ ಬೆಲೆ, ಪುಸ್ತಕದ ನನ್ನ ಲೆಕ್ಕದಂತೆ, 6 ಕೋಟಿಯ ಆಸುಪಾಸು. ತಂದೆಯವರ ಕೆಲಸದಲ್ಲೇ ಈಗಿರುವ ನನ್ನ ಶಿಷ್ಯೆಯೊಬ್ಬಳಿಗೆ 60 ಸಾವಿರ ಸಂಬಳ. ಭಾಗಾಕಾರ ಸುಲಭ: ಒಂದು ಸಾವಿರ ತಿಂಗಳು. 83 ವರ್ಷ 4 ತಿಂಗಳು ಅವಳು ಉಪವಾಸವಿದ್ದು ದುಡಿದರೆ, ಅವಳ ಗುರುವಿನ ತಂದೆ 15 ತಿಂಗಳಲ್ಲಿ ಸಂಪಾದಿಸಿದ ನೆಲ ಅವಳಿಗೆ ಸಿಕ್ಕೀತು. ಸಹಸ್ರ ಚಂದ್ರದರ್ಶನವೆಂದು ನಾವು ದೀರ್ಘಾಯುಷ್ಯಕ್ಕೆ ಶಾಂತಿ ಮಾಡಿಸುತ್ತೇವಲ್ಲ, ಹೆಚ್ಚು ಕಡಮೆ ಅಷ್ಟು ಕಾಲ. ತಂದೆಯವರು ದುಡಿದರು, ನಿಜ. ಆದರೆ 1,800 ಅನ್ನು 6 ಕೋಟಿ ಮಾಡಿದುದು ಅವರ ದುಡಿಮೆಯಲ್ಲ, ನಮ್ಮದಂತೂ ಅಲ್ಲವೇ ಅಲ್ಲ. ಊರು ಬೆಳೆಯಿತು; ಯಾರೋ ರಸ್ತೆ ಹಾಕಿದರು, ನೀರು ತಂದರು; ನಾವು ಕುಳಿತಲ್ಲಿಯೇ ಕುಳಿತಿದ್ದೆವು.

ಕೊಳ್ಳುವವರು ಬರತೊಡಗಿದರು. ಅವರಲ್ಲಿ ಕಡೆಗೆ ಉಳಿದವರು ಇಬ್ಬರು. ಒಬ್ಬನು ಕಟ್ಟಡಗಳನ್ನು ಕಟ್ಟಿ ಮಾರುವವನು. ಮಾತಿನಲ್ಲಿ ಬಹಳ ವಿನಯ. ಮನೆಯೊಳಗೆ ಕಾಲಿಡದೆ, ಗೇಟಿನಲ್ಲಿಯೇ ನಿಂತು, ಅಗಲ ಉದ್ದ ನೋಡಿ, “6 ಕೋಟಿ 40 ಲಕ್ಷ ಸಾರ್. ಪತ್ರದಲ್ಲಿ 4 ಕೋಟಿ. ಉಳಿದದ್ದು ಕೈಗೆ” ಎಂದ. ಇನ್ನೊಬ್ಬರು ವೈದ್ಯ ದಂಪತಿಗಳು. ಅವರು 5 ಕೋಟಿ 80 ಲಕ್ಷ ಕೊಡಬಲ್ಲರು; ಬ್ಯಾಂಕಿನ ಸಾಲ ಸೇರಿದ್ದರಿಂದ ಪೂರ್ತಿ ಹಣವೂ ಪತ್ರದಲ್ಲಿ ಕಾಣಬೇಕು. ಮನೆಯನ್ನು ಕೆಡವುವವರು ಇಬ್ಬರೂ ಹೌದು. ತಂದೆಯವರು ಪೈಸೆ ಪೈಸೆ ಬರೆದಿಟ್ಟ 14,400ಕ್ಕೆ ಇಬ್ಬರೂ ಕಟ್ಟಿದ ಬೆಲೆ ಸೊನ್ನೆ.

ಪತ್ರದಲ್ಲಿ 4 ಕೋಟಿಯೇ ಏಕೆ? ಅದು ಆ ರಸ್ತೆಯ ಮಾರ್ಗಸೂಚಿ ಬೆಲೆ. ಇದಕ್ಕಿಂತ ಕಡಮೆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಸರ್ಕಾರ ಪ್ರತಿ ಬಡಾವಣೆಗೂ ಒಂದು ಬೆಲೆಯನ್ನು ಗೊತ್ತುಮಾಡಿರುತ್ತದೆ. 2023ರ ಅಕ್ಟೋಬರ್ 1ರಂದು ಅದನ್ನು ರಾಜ್ಯದಲ್ಲೆಲ್ಲ ಏರಿಸಿದರು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ ಎರಡಾದ ನೋಂದಣಿ ಶುಲ್ಕ, ಎಲ್ಲ ಸೇರಿ ಕೊಳ್ಳುವವನು ನೂರಕ್ಕೆ ಸುಮಾರು ಏಳೂವರೆ ತೆರಬೇಕು. 2 ಕೋಟಿ 40 ಲಕ್ಷ ಮರೆಯಾದರೆ ಅವನಿಗೆ 18 ಲಕ್ಷದ ಉಳಿತಾಯ. ಮಾರುವವನಿಗೂ ಉಳಿತಾಯವುಂಟು. 2001ರ ಏಪ್ರಿಲ್ 1ರ ಬೆಲೆಯಿಂದಾಚೆಗೆ ಬಂದ ಲಾಭದಲ್ಲಿ, 2024ರ ಜುಲೈನಲ್ಲಿ ಬಂದ ಕ್ರಮದಂತೆ, ಎಂಟರಲ್ಲೊಂದು ಪಾಲು ತೆರಿಗೆ. ಪತ್ರದಲ್ಲಿ 5 ಕೋಟಿ 80 ಲಕ್ಷದ ಬದಲು 4 ಕೋಟಿ ಬರೆದರೆ ನಮಗೆ 22 ಲಕ್ಷ 50 ಸಾವಿರ ಉಳಿಯುತ್ತದೆ. ಜೊತೆಗೆ ಅವನು ಹೆಚ್ಚಾಗಿ ಕೊಡುವ 60 ಲಕ್ಷ. ಎರಡನ್ನೂ ಕೂಡಿ ಮೂರರಿಂದ ಭಾಗಿಸಿದೆ. ತಲೆಗೆ 27 ಲಕ್ಷ 50 ಸಾವಿರ.

ನಿಜ ಬರೆಯುವುದಕ್ಕೆ ಇಷ್ಟು ಬೆಲೆಯೆಂದು ಇಷ್ಟು ಖಚಿತವಾಗಿ ನನಗೆ ಯಾರೂ ಹಿಂದೆ ಹೇಳಿರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಆಗ ಕಂಡೆ. ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುವವರು ನೋಂದಣಿಯಾದ ಕ್ರಯಪತ್ರಗಳನ್ನು ನೋಡುತ್ತಾರೆ. ಕ್ರಯಪತ್ರ ಬರೆಯುವವರು ಮಾರ್ಗಸೂಚಿಯನ್ನು ನೋಡುತ್ತಾರೆ. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಬ್ಬರದನ್ನೊಬ್ಬರು ನೋಡಿ ಬರೆದ ಉತ್ತರ ಇದು. ಎರಡೂ ತಾಳೆಯಾಗುತ್ತವೆ, ಎರಡೂ ತಪ್ಪು. ರಿಸರ್ವ್ ಬ್ಯಾಂಕು ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಮನೆಬೆಲೆಯ ಸೂಚ್ಯಂಕವನ್ನು ಮೂರು ತಿಂಗಳಿಗೊಮ್ಮೆ ಕಟ್ಟುವುದೂ ಈ ನೋಂದಣಿಯ ಅಂಕಿಗಳಿಂದಲೇ. ನಿನ್ನಲ್ಲಿ ಮನೆಗೆಷ್ಟು ಬೆಲೆಯೆಂದು ಕೇಳಿದರೆ ಊರು ತನ್ನ ವಿಷಯದಲ್ಲಿಯೇ ಸುಳ್ಳುಸಾಕ್ಷಿ ನುಡಿದಂತಾಗುತ್ತದೆ. ಅದನ್ನು ನಂಬಿ ಶಿಷ್ಯೆಯಂಥವಳು ಲೆಕ್ಕ ಹಾಕಿಕೊಂಡು ಬ್ಯಾಂಕಿಗೆ ಹೋದರೆ ಮಾರುವವನು, “ಉಳಿದದ್ದು ಕೈಗೆ” ಎನ್ನುತ್ತಾನೆ. ಕೈಗೆ ಕೊಡುವ ಹಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಸಂಬಳದವರನ್ನು ಈ ಬಡಾವಣೆಗಳಿಂದ ಹೊರಗಿಟ್ಟಿರುವುದು ಬೆಲೆಯೊಂದೇ ಅಲ್ಲ, ಬೆಲೆಯ ಈ ಮರೆಯೂ ಹೌದು.

ಒಂದು ಭಾನುವಾರ ಮೂವರೂ ಆ ಮನೆಯ ನಡುಮನೆಯಲ್ಲಿ ಕುಳಿತೆವು. ನನ್ನ ವಾದವನ್ನೆಲ್ಲ ಕ್ರಮವಾಗಿ ಮಂಡಿಸಿದೆ. ನಗದಾಗಿ 20 ಸಾವಿರಕ್ಕೆ ಮೇಲೆ ಪಡೆಯುವುದನ್ನು 2015ರಿಂದಲೇ ಕಾನೂನು ತಡೆದಿರುವುದನ್ನೂ ಹೇಳಿದೆ. ತಂದೆಯವರ ಪುಸ್ತಕವನ್ನೂ ಮುಂದಿಟ್ಟೆ. ಅದು ಸ್ವಲ್ಪ ಅತಿಯಾಯಿತೆಂದು ಈಗ ಅನಿಸುತ್ತದೆ.

ತಮ್ಮ ಪುಸ್ತಕವನ್ನು ತೆರೆಯಲಿಲ್ಲ. “ಅಣ್ಣ, ನೀನು ಹೇಳುವುದೆಲ್ಲ ಸರಿ. ಆದರೆ ನೀನು ಪಿಂಚಣಿಯವನು. ಸತ್ಯ ನಿನಗೆ ಅಗ್ಗವಾಗಿ ಸಿಗುತ್ತದೆ. ನನಗೆ ದುಬಾರಿ” ಎಂದ.

ನಾನು ಉತ್ತರ ಹುಡುಕಿದೆ. ನಲವತ್ತು ವರ್ಷ ಹಲಗೆಯ ಮುಂದೆ ನಿಂತವನಿಗೆ ಉತ್ತರ ಹೊಳೆಯಲಿಲ್ಲ. ಮಲ್ಲೇಶ್ವರದಲ್ಲಿ ಒಂದು ಬೆಲೆ, ಬನಶಂಕರಿಯಲ್ಲಿ ಒಂದು ಬೆಲೆ ಎಂದು ಗೀಟು ಹಾಕಿ ತಿರುಗಿದವನಿಗೆ, ಸತ್ಯಕ್ಕೂ ನಿಂತ ನೆಲವನ್ನು ನೋಡಿಕೊಂಡು ಬೆಲೆ ಬೇರೆಯಾಗುತ್ತದೆಂಬುದು ತೋಚಿರಲಿಲ್ಲ.

ಕಾಫಿಯ ಲೋಟಗಳನ್ನು ಎತ್ತಿಡುತ್ತಿದ್ದ ಅಕ್ಕ ಕುಳಿತಳು. “ಅಷ್ಟು ನೋಟು ತಂದು ಎಲ್ಲಿಡುತ್ತೀಯಪ್ಪ? ಅಕ್ಕಿ ಡಬ್ಬದಲ್ಲಿಯೆ?” ಎಂದು ತಮ್ಮನನ್ನು ಕೇಳಿದಳು. “ನನಗೆ ಒಂದು ಸಣ್ಣ ಫ್ಲಾಟು ಬೇಕು. ನಿನಗೂ ಹಣ ಬ್ಯಾಂಕಿನಲ್ಲಿದ್ದರೆ ತಾನೆ ತಿಂಗಳು ತಿಂಗಳು ಬಡ್ಡಿ? ನೋಟು ತಂದುಕೊಂಡರೆ ಅದನ್ನು ಖರ್ಚು ಮಾಡುವುದಕ್ಕೆ ಇನ್ನೊಬ್ಬನ ಕೈಯಲ್ಲಿ ಸುಳ್ಳು ಬರೆಸಬೇಕು. ಈ ವಯಸ್ಸಿನಲ್ಲಿ ಆ ಓಡಾಟ ನನ್ನಿಂದಾಗದು.” ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದಳು: “ಹಾಗೆಂದು ನೀನೊಬ್ಬ ಏಕೆ ಕಳೆದುಕೊಳ್ಳಬೇಕು? ನಿನಗೆ ಬೀಳುವ ಕೊರತೆಯಲ್ಲಿ ಅರ್ಧ ನನ್ನ ಪಾಲಿನಿಂದ ತೆಗೆದುಕೊ.” ಆಮೇಲೆ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ.

ಉಳಿದ ಅರ್ಧ ನನ್ನದೆಂದು ನಾನು ಹೇಳಿದೆ. ತಕ್ಷಣ ಹೇಳಿದೆನೆಂದು ಬರೆಯುವ ಆಸೆಯಾಗುತ್ತದೆ. ಆದರೆ ಹೇಳುವ ಮುಂಚೆ ಮನಸ್ಸಿನಲ್ಲಿ ಕೂಡಿ ನೋಡಿದೆನೆಂಬುದೇ ನಿಜ: ನನ್ನ 27 ಲಕ್ಷ 50 ಸಾವಿರಕ್ಕೆ ಅವನ ಅರ್ಧ 13 ಲಕ್ಷ 75 ಸಾವಿರ ಸೇರಿಸಿದರೆ 41 ಲಕ್ಷ 25 ಸಾವಿರ. ನಿಜಕ್ಕೂ ಒಂದು ಮಾರ್ಗಸೂಚಿ ಬೆಲೆ, ಒಂದು ನಡೆಯುವ ಬೆಲೆ ಉಂಟು. ನಾನು ವಾದ ಮಾಡುವಾಗ ಹೇಳಿದುದು ಮೊದಲನೆಯದು; ತೆತ್ತುದು ಎರಡನೆಯದು. ತಮ್ಮ ಬೇಡ ಬೇಡವೆಂದ. ಅಕ್ಕ ಕೇಳಲಿಲ್ಲ.

ನವೆಂಬರಿನಲ್ಲಿ ಉಪನೋಂದಣಿ ಕಚೇರಿಗೆ ಹೋದೆವು. ಇ-ಖಾತೆ, ಋಣಭಾರ ಪತ್ರ ಎಲ್ಲ ಸಿದ್ಧವಾಗಿದ್ದವು. ಋಣಭಾರ ಪತ್ರದಲ್ಲಿ ನಮ್ಮ ಮನೆಯ ಮೇಲೆ ಸಾಲವಾಗಲಿ ತಕರಾರಾಗಲಿ ಒಂದೂ ಇರಲಿಲ್ಲ. ಹೆಬ್ಬೆರಳನ್ನು ಯಂತ್ರದ ಮೇಲಿಟ್ಟು, ಮುಖವನ್ನು ಯಂತ್ರಕ್ಕೆ ತೋರಿಸಿ ಅರ್ಧ ಗಂಟೆಯಲ್ಲಿ ಹೊರಗೆ ಬಂದೆವು. ಪತ್ರದಲ್ಲಿ ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಐದು ಕೋಟಿ ಎಂಬತ್ತು ಲಕ್ಷವೆಂದೇ ಇತ್ತು.

ಸುದ್ದಿ ರಸ್ತೆಗೆ ಮುಟ್ಟಲು ಎರಡು ದಿನ ಹಿಡಿಯಲಿಲ್ಲ. ಎದುರು ಮನೆಯ ಯಜಮಾನರು, ಹಳೆಯ ಪರಿಚಯದವರು, ನನ್ನನ್ನು ನಿಲ್ಲಿಸಿ, “ಏನು ಮೇಷ್ಟ್ರೇ, ಹೀಗೆ ಮಾಡಿಬಿಟ್ಟಿರಿ! ಮುಂದಿನ ಸಲ ನಮ್ಮ ರಸ್ತೆಯ ಮಾರ್ಗಸೂಚಿ ಏರಿಸುವುದಕ್ಕೆ ನಿಮ್ಮ ಪತ್ರವನ್ನೇ ತೋರಿಸುತ್ತಾರೆ” ಎಂದು ಆಕ್ಷೇಪಿಸಿದರು. ಅವರ ಕೋಪ ಸಾಚಾ ಆಗಿತ್ತು. ನನಗೆ ನಗು ಬಂದರೂ ತಡೆದುಕೊಂಡೆ.

ಅಕ್ಕ ಈಗ ಅದೇ ಬಡಾವಣೆಯ ಅಂಚಿನಲ್ಲಿ ಎರಡನೆಯ ಅಂತಸ್ತಿನ ಸಣ್ಣ ಫ್ಲಾಟಿನಲ್ಲಿದ್ದಾಳೆ. ಲಿಫ್ಟು ಇದೆ, ಮಳೆ ಬಂದರೆ ಬೋಗುಣಿ ಬೇಡ. ತಂದೆಯವರ ಲೆಕ್ಕದ ಪುಸ್ತಕದ ಕೊನೆಯಲ್ಲಿ ಕೆಲವು ಖಾಲಿ ಹಾಳೆಗಳಿದ್ದವು. ಅವಳು ಅದನ್ನು ನನಗೆ ಕೊಟ್ಟು, “ಮಾರಿದ್ದನ್ನೂ ಬರೆದುಬಿಡು, ಲೆಕ್ಕ ಮುಗಿಯಲಿ” ಎಂದಳು. ಬಂದುದು, ತೆರಿಗೆ, ಮೂರು ಪಾಲು, ಪಾಲಿನಲ್ಲಿ ಬಿಟ್ಟುಕೊಟ್ಟದ್ದು, ಎಲ್ಲವನ್ನೂ ಅವರ ಕ್ರಮದಲ್ಲಿಯೇ ಬರೆದು ಕೆಳಗೆ ಗೀಟು ಎಳೆದೆ. ತಾಳೆ ನೋಡಿದೆ. ಪೈಸೆಯಷ್ಟೂ ವ್ಯತ್ಯಾಸವಿರಲಿಲ್ಲ.